ಆ 2 ಅಲ್ಲೇಕೆ ಕುಳಿತಿದೆ?

“ಅದೆಲ್ಲ ಸಿಇಟಿಗೆ ಬರುವುದಿಲ್ಲ, ಸುಮ್ಮನೆ ಬರೆದುಕೊಳ್ಳಿ.” ದ್ವಿತೀಯ ಪಿಯುಸಿ ಓದುತ್ತಿರುವ ಅಣ್ಣನ ಮಗಳು ಕೋಚಿಂಗ್ ತರಗತಿಯಲ್ಲಿ ಕೇಳಿಸಿಕೊಂಡು ಬಂದ ಈ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ. ಅವಳು ಕೇಳಿದ್ದಿಷ್ಟೇ: ಎರಡನೆಯ ಸಲ ಅವಕಲಿಸಿದ್ದನ್ನು (ಡಿಫರೆನ್ಷಿಯೇಟ್ ಮಾಡಿದ್ದನ್ನು, ಎಂದರೆ ಬದಲಾಗುವ ದರವನ್ನು ಕಂಡುಹಿಡಿದದ್ದನ್ನು) d²y/dx² ಎಂದು ಬರೆಯುವಾಗ 2 ಎಂಬ ಅಂಕಿ ಗೆರೆಯ ಮೇಲೆ ‘ಡಿ’ಗೆ ಅಂಟಿಕೊಂಡಿರುತ್ತದೆ, ಗೆರೆಯ ಕೆಳಗೆ ಮಾತ್ರ ‘ಎಕ್ಸ್’ಗೆ ಅಂಟಿಕೊಂಡಿರುತ್ತದೆ, ಹಾಗೇಕೆ? ಅವಕಲಿಸುವ ಚೈನ್ ರೂಲ್, ಪ್ರಾಡಕ್ಟ್ ರೂಲ್‌ಗಳಲ್ಲಿ ತಡವರಿಸುವ ಹುಡುಗಿಯಲ್ಲ ಅವಳು. ಲೆಕ್ಕ ಮಾಡಲು ಬರುತ್ತದೆ, ಬರೆದದ್ದರ ಅರ್ಥ ಮಾತ್ರ ಆಗುತ್ತಿಲ್ಲ ಎಂಬುದೇ ಅವಳ ಕಷ್ಟವಾಗಿತ್ತು.

ಸಿಇಟಿಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳು, ಎಂದರೆ ಒಂದಕ್ಕೆ 80 ಸೆಕೆಂಡು. ಹೀಗಿರುವಾಗ ಕಲಿಸುವವರ ಅವಸರ ನನಗೆ ಅರ್ಥವಾಗದೇನಲ್ಲ. ಆದರೆ ‘ಸುಮ್ಮನೆ’ ಎಂದ ಆ ಧಾಟಿಯಲ್ಲಿ, ಚಿಹ್ನೆಯನ್ನು ಕುರಿತ ಪ್ರಶ್ನೆ ಗಣಿತದ ಪ್ರಶ್ನೆಯೇ ಅಲ್ಲ ಎಂಬ ತಾತ್ಸಾರವಿತ್ತು. ಉತ್ತರ ತಿಳಿಯದವರು ಪ್ರಶ್ನೆಯನ್ನೇ ಸಣ್ಣದು ಮಾಡುವುದು ಹೊಸದೇನಲ್ಲ.

ಭಾನುವಾರ ಅವಳನ್ನು ನಮ್ಮ ಬೀದಿಯ ನಿವೃತ್ತ ಗಣಿತ ಉಪನ್ಯಾಸಕರ ಮನೆಗೆ ಕರೆದೊಯ್ದೆ. ಅವರು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಸಂಬಂಧವೇ ಇಲ್ಲದಂತೆ, “ಗುರುತ್ವದ ವೇಗೋತ್ಕರ್ಷ ಎಷ್ಟಮ್ಮ?” ಎಂದರು.

“9.8 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್, ಸರ್.”

“ಸೆಕೆಂಡಿಗೆ ಸ್ಕ್ವೇರ್ ಇದೆಯಲ್ಲ, ಮೀಟರಿಗೇಕೆ ಇಲ್ಲ?”

ಬಾಯಿ ತೆರೆದವಳು ಹಾಗೆಯೇ ನಿಂತಳು. ಅವರು ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಡಿ ಬೈ ಡಿಟಿ’ (‘ಟಿ’ ಎಂದರೆ ಕಾಲ) ಎಂದು ಅಕ್ಕಪಕ್ಕ ಎರಡು ಸಲ ಬರೆದು, ಕೊನೆಗೆ ದೂರವನ್ನು ಸೂಚಿಸುವ ‘ಎಸ್’ ಬರೆದು, ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದರು. ದೂರವನ್ನು ಕಾಲದ ಮೇಲೆ ಅವಕಲಿಸಿದರೆ ವೇಗ, ವೇಗವನ್ನು ಮತ್ತೆ ಅವಕಲಿಸಿದರೆ ವೇಗೋತ್ಕರ್ಷ; ಎರಡು ಸಲ ನಡೆದದ್ದು ಕ್ರಿಯೆ, ಆದ್ದರಿಂದ ಮೇಲೆ ‘ಡಿ’ ಎರಡು, ಕೆಳಗೆ ‘ಡಿಟಿ’ ಎರಡು; ಬೆರಳಿನಡಿ ಇರುವ ‘ಎಸ್’ ಮಾತ್ರ ಒಂದೇ. ‘ಡಿಟಿ’ ಒಡೆಯಲಾಗದ ಒಂದೇ ಗುರುತಾದ್ದರಿಂದ ಅದಕ್ಕೆ ಆವರಣ ಹಾಕದೆ ಸ್ಕ್ವೇರ್ ಬರೆಯುವುದು ರೂಢಿ. ಮೀಟರ್ ವರ್ಗವಾಗದೆ ಸೆಕೆಂಡು ಮಾತ್ರ ವರ್ಗವಾಗುವುದೂ ಇದರಿಂದಲೇ. ಹತ್ತನೆಯ ತರಗತಿಗೂ ಮುಂಚಿನಿಂದ ಬಾಯಿಪಾಠವಾಗಿದ್ದ ಮಾನದಲ್ಲೇ ಉತ್ತರವಿತ್ತು ಎಂದು ತಿಳಿದಾಗ ಹುಡುಗಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂದಂತೆ ಕಂಡಿತು, ನನಗೂ ಬಂತು.

ಅವಳು ಒಯ್ದಿದ್ದ ಲೆಕ್ಕದಲ್ಲಿ ವೈ ಎಂದರೆ ಸೈನ್ ಇನ್ವರ್ಸ್ ಎಕ್ಸ್, ಯಾವ ಕೋನದ ಸೈನ್ ಬೆಲೆ ಎಕ್ಸ್ ಆಗುತ್ತದೋ ಆ ಕೋನ; ಬರೆಯುವುದು ಸೈನಿನ ಮೇಲೆ ಮೈನಸ್ 1 ಇಟ್ಟು. ಅದೇ ಲೆಕ್ಕ ಪಠ್ಯಪುಸ್ತಕದಲ್ಲಿ ‘ಡಿ ಸ್ಕ್ವೇರ್ ವೈ’ ಎಂದೂ ಗೈಡಿನಲ್ಲಿ ‘ವೈ ಟು’ ಎಂದೂ ಕೋಚಿಂಗ್ ನೋಟ್ಸಿನಲ್ಲಿ ‘ವೈ ಡಬಲ್ ಡ್ಯಾಶ್’ ಎಂದೂ ಇತ್ತು. ‘ಡಿ’ ಲೈಬ್ನಿಜ್‌ನದು, 1675ರ ಅವನ ಟಿಪ್ಪಣಿಗಳಲ್ಲಿ ಹುಟ್ಟಿ 1684ರಲ್ಲಿ ಅಚ್ಚಾಯಿತು. ಡ್ಯಾಶನ್ನು ಬಳಕೆಗೆ ತಂದವನು ಗಣಿತಜ್ಞ ಲಗ್ರಾಂಜ್. ಭೌತಶಾಸ್ತ್ರದಲ್ಲಿ ಅಕ್ಷರದ ನೆತ್ತಿಯ ಮೇಲಿಡುವ ಚುಕ್ಕಿ ನ್ಯೂಟನ್ನನದು. ಕಲನಶಾಸ್ತ್ರವನ್ನು (ಕ್ಯಾಲ್ಕುಲಸ್) ಮೊದಲು ಕಂಡುಹಿಡಿದವನು ನ್ಯೂಟನ್ನನೋ ಲೈಬ್ನಿಜನೋ ಎಂಬ ಜಗಳದ ಬಳಿಕ ಇಂಗ್ಲೆಂಡಿನವರು ಶತಮಾನಕ್ಕೂ ಮೀರಿ ಚುಕ್ಕಿಯನ್ನು ಬಿಡಲಿಲ್ಲ. 1812ರಲ್ಲಿ ಬ್ಯಾಬೇಜ್, ಹರ್ಷೆಲ್, ಪೀಕಾಕ್ ಮುಂತಾದ ಕೇಂಬ್ರಿಜ್ ವಿದ್ಯಾರ್ಥಿಗಳು ‘ಡಿ’ಯನ್ನು ತರಲೆಂದೇ ಸಂಘ ಕಟ್ಟಬೇಕಾಯಿತು. ಚಿಹ್ನೆಗಾಗಿ ಸಂಘ ಕಟ್ಟಿದವರಿದ್ದಾರೆ, ನಮ್ಮಲ್ಲಿ ಅದನ್ನು ಕೇಳಿದರೆ ‘ಬರೆದುಕೊಳ್ಳಿ’.

ಸೈನಿನ ಹೆಗಲ ಮೇಲಿನ ಮೈನಸ್ 1 ಕೂಡ ಅದೇ ಹರ್ಷೆಲ್ 1813ರಲ್ಲಿ ತಂದದ್ದು ಎಂದು ಸರ್ ಹೇಳುತ್ತಿದ್ದಂತೆ ಹುಡುಗಿ ಅವರನ್ನು ತಡೆದಳು: “ಹಾಗಾದರೆ ಸೈನ್ ಸ್ಕ್ವೇರ್ ಅಂದರೆ ಎರಡು ಸಲ ಸೈನ್ ತೆಗೆಯುವುದು ಆಗಬೇಕಿತ್ತಲ್ಲವಾ, ಸರ್?” ಅವರು ಮೇಜು ತಟ್ಟಿ ನಕ್ಕರು. ಹರ್ಷೆಲ್ ವಾದವೂ ಅದೇ ಆಗಿತ್ತಂತೆ, ‘ಡಿ’ಯ ಮೇಲಿನ 2 ಪುನರಾವರ್ತನೆಯನ್ನು ಸೂಚಿಸುವುದಾದರೆ ಸೈನಿನ ಮೇಲಿನದೂ ಅದನ್ನೇ ಸೂಚಿಸಬೇಕು ಎಂದು, ಲೋಕ ಮೈನಸ್ 1ನ್ನು ಒಪ್ಪಿಕೊಂಡು ಉಳಿದದ್ದನ್ನು ಬಿಟ್ಟಿತು. ಎಂದರೆ ಒಂದೇ ಜಾಗದಲ್ಲಿ ಕುಳಿತ ಎರಡು ಅಂಕಿಗಳಿಗೆ ಎರಡು ನಿಯಮ, 2 ಇದ್ದರೆ ಸೈನ್ ಬೆಲೆಯ ವರ್ಗ, ಮೈನಸ್ 1 ಇದ್ದರೆ ಹಿಮ್ಮುಖ ಕ್ರಿಯೆ, ಮತ್ತು ಆ ಮೈನಸ್ 1ನ್ನು ಸೈನಿನಿಂದ ಒಂದನ್ನು ಭಾಗಿಸುವುದು ಎಂದು ಓದಿಕೊಂಡ ಮಕ್ಕಳ ಅಂಕ ಮಾತ್ರ ಕಡಿತ!

ಮನೆಗೆ ಬಂದು ಲೆಕ್ಕವನ್ನು ಅವಳೇ ಬಿಡಿಸಿದಳು. ಅನುಕಲನದ (ಇಂಟಿಗ್ರೇಷನ್) ಕೊನೆಗೆ ಬರುವ ಡಿಎಕ್ಸ್ ಅಲ್ಲೇನು ಮಾಡುತ್ತಿದೆ ಎಂಬುದು ಈಗಿನ ಪ್ರಶ್ನೆ. ಅದನ್ನು ಮೊದಲು ಕೋಚಿಂಗ್ ತರಗತಿಯಲ್ಲೇ ಕೇಳುತ್ತಾಳಂತೆ.