ಪೋರ್ಶೆ ಟ್ರ್ಯಾಕ್ಟರಿನ ಜಾಡು ಹಿಡಿದು ಬೋಡನ್‌ಸೀ ದಡಕ್ಕೆ

ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯಿಂದ ಉಲ್ಮ್‌ಗೆ 2022ರಲ್ಲಿ ಹೊಸ ರೈಲು ಮಾರ್ಗ ಶುರುವಾಯಿತು. ಆತುರದವರೆಲ್ಲ ಈಗ ಅದರಲ್ಲೇ ಹೋಗುತ್ತಾರೆ. ಸ್ಟುಟ್‌ಗಾರ್ಟಿನಲ್ಲಿ ಕೆಲಸಕ್ಕಿರುವ ನನ್ನ ಚಿಕ್ಕಪ್ಪನ ಮಗನೂ ನಾನೂ ಬೇಕಂತಲೇ ಹಳೇ ಮಾರ್ಗದ ರೈಲು ಹತ್ತಿದೆವು. ನಾನು ನೋಡಲು ಹೊರಟಿದ್ದ ಟ್ರ್ಯಾಕ್ಟರಿನ ಕಥೆಯೆಲ್ಲ ಆ ಹಳಿಯ ಉದ್ದಕ್ಕೇ ಹರಡಿಕೊಂಡಿದೆ. ಆ ಟ್ರ್ಯಾಕ್ಟರಿನ ವಿನ್ಯಾಸದ ನಕ್ಷೆ ಬರೆದವರು, ಕಾರಿಗೆ ಹೆಸರಾದ ಸ್ಟುಟ್‌ಗಾರ್ಟಿನ ಪೋರ್ಶೆಯವರು. ಮೊದಲು ಮಾರಾಟಕ್ಕೆ ತಂದದ್ದು ದಾರಿಯಲ್ಲಿ ಸಿಗುವ ಊಹಿಂಗನ್ ಅನ್ನುವ ಊರಿನ ಕಂಪನಿ. ಕೊನೆಯ ಟ್ರ್ಯಾಕ್ಟರು ಹೊರಬಂದದ್ದು ಬೋಡನ್‌ಸೀ ಸರೋವರದ ದಡದ ಫ್ರೀಡ್ರಿಕ್ಸ್‌ಹಾಫನ್ ಊರಿನಲ್ಲಿ.

ನೆಕ್ಕರ್ ನದಿಯ ಈ ಸೀಮೆಯಲ್ಲಿ ಜಮೀನುಗಳು ಸಣ್ಣವು. ಹಿಂದೆ ಇಲ್ಲಿ ಅಪ್ಪ ಸತ್ತರೆ ಎಲ್ಲ ಮಕ್ಕಳಿಗೂ ಸಮಪಾಲು ಮಾಡುವ ಪದ್ಧತಿ ಇತ್ತು. ಜರ್ಮನಿಯ ಎಷ್ಟೋ ಕಡೆ ಹೊಲವೆಲ್ಲ ಒಬ್ಬ ಮಗನಿಗೇ ಹೋಗುತ್ತಿತ್ತು, ಇಲ್ಲಿ ಹಾಗಲ್ಲ. ತಲೆಮಾರು ಕಳೆದ ಹಾಗೆ ಹೊಲ ಹೋಳಾಗುತ್ತಾ ಬಂತು. ನಮ್ಮ ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಪಾಲಾಗಿ ಪಾಲಾಗಿ ಎರಡು ಎಕರೆಗೆ ಬಂದು ನಿಂತ ಮೇಲೆ, ಅಲ್ಲಿಗೆ ದೊಡ್ಡ ಯಂತ್ರ ತಂದು ಮಾಡುವುದೇನು? ಇಲ್ಲಿನ ಸಣ್ಣ ರೈತರು ತುಂಬಾ ಕಾಲ ಕುದುರೆಯಲ್ಲಿ ಉತ್ತರು. ಕುದುರೆಗೂ ಗತಿಯಿಲ್ಲದವರು ಹಾಲು ಕರೆಯುವ ಹಸುವಿಗೇ ನೊಗ ಕಟ್ಟಿದರು.

ಸಣ್ಣ ಹಿಡುವಳಿಗೆ ಹೊಂದುವ ಟ್ರ್ಯಾಕ್ಟರು ಬೇಕು ಅನ್ನುವ ಮಾತು ಅಲ್ಲಿ 1930ರ ದಶಕದಲ್ಲೇ ಎದ್ದಿತ್ತು. ಕಲೋನ್ ನಗರದ ಡಾಯ್ಟ್ಸ್ ಕಂಪನಿ 1936ರಲ್ಲಿ 11 ಎಚ್‌ಪಿಯ ಪುಟ್ಟ ಡೀಸೆಲ್ ಟ್ರ್ಯಾಕ್ಟರು ತಂದು ದಾರಿ ತೋರಿಸಿತು. ಅದೇ ಕಾಲಕ್ಕೆ ಹಿಟ್ಲರನ ಸರ್ಕಾರ 'ಜನರ ಕಾರು' ಮಾಡಲು ಹೊರಟ ಹಾಗೆ 'ಜನರ ಟ್ರ್ಯಾಕ್ಟರು' ಮಾಡಲೂ ಹೊರಟಿತು. ಎರಡರ ನಕ್ಷೆಯೂ ಫರ್ಡಿನಾಂಡ್ ಪೋರ್ಶೆಯವರದ್ದು. ಟ್ರ್ಯಾಕ್ಟರಿಗಾಗಿ ವಾಲ್ಡ್‌ಬ್ರೋಲ್ ಅನ್ನುವ ಊರಿನಲ್ಲಿ ಕಾರ್ಖಾನೆ ಕಟ್ಟುವ ಯೋಜನೆಯೂ ಇತ್ತು. ಯುದ್ಧ ಶುರುವಾಯಿತು. ರೈತರ ಮನೆಗೆ ಅಂಥದ್ದೊಂದು ಟ್ರ್ಯಾಕ್ಟರೂ ಬರಲಿಲ್ಲ. ಕಾರಿನ ಕಾರ್ಖಾನೆ ಯುದ್ಧಸಾಮಗ್ರಿ ಮಾಡಿತು, ಅದಕ್ಕೆ ಬೇರೆ ದೇಶಗಳಿಂದ ಜನರನ್ನು ಹಿಡಿದು ತಂದು ದುಡಿಸಿಕೊಂಡರು. ಟ್ರ್ಯಾಕ್ಟರಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಈ ಭಾಗವನ್ನು ಬಿಟ್ಟು ಅದರ ಕಥೆ ಹೇಳಬಾರದು.

ರೈಲು ಊಹಿಂಗನ್‌ನಲ್ಲಿ ನಿಲ್ಲಲಿಲ್ಲ. ಕಾರ್ಖಾನೆ ಶೆಡ್ಡುಗಳು, ಹಿಂದೆ ಹಸಿರು ಗುಡ್ಡ, ಅಷ್ಟರಲ್ಲಿ ಊರು ಮುಗಿಯಿತು. ಯುದ್ಧ ಮುಗಿದ ಮೇಲೆ ಪೋರ್ಶೆಯವರು ತಾವೇ ಟ್ರ್ಯಾಕ್ಟರು ಮಾಡಲಿಲ್ಲ. ನಕ್ಷೆಯ ಹಕ್ಕು ಊಹಿಂಗನ್ನಿನ ಆಲ್‌ಗೈಯರ್ ಕಂಪನಿಗೆ ಹೋಯಿತು. 1950ರಲ್ಲಿ ಎಪಿ17 ಅನ್ನುವ ಟ್ರ್ಯಾಕ್ಟರು ಬಂತು. ಎರಡು ಸಿಲಿಂಡರ್, 18 ಎಚ್‌ಪಿ, ನೀರಿನ ಬದಲು ಗಾಳಿಯಿಂದ ತಣಿಯುವ ಡೀಸೆಲ್ ಇಂಜಿನ್, ಕಿತ್ತಳೆ ಬಣ್ಣ. ಫರ್ಡಿನಾಂಡ್ ಪೋರ್ಶೆ 1951ರ ಜನವರಿಯಲ್ಲಿ ತೀರಿಕೊಂಡರು.

ಗೈಸ್ಲಿಂಗನ್ ಘಾಟಿ ಹತ್ತಿ ಉಲ್ಮ್ ಮುಟ್ಟಿದೆವು. ಅಲ್ಲಿನ ಚರ್ಚಿನ ಗೋಪುರ 161 ಮೀಟರಿಗೂ ಎತ್ತರ, ರೈಲಿನಿಂದಲೇ ಕಾಣುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹುಲ್ಲುಗಾವಲು, ಆಮೇಲೆ ಸೇಬಿನ ತೋಟಗಳು. ಸೆಪ್ಟೆಂಬರ್ ಕೊನೆ, ಕೊಯ್ಲು ನಡೆದಿತ್ತು. ಗಿಡದ ಸಾಲುಗಳ ಮೇಲೆ ಆಲಿಕಲ್ಲು ತಡೆಯುವ ಬಲೆ, ಸಾಲುಗಳ ನಡುವೆ ಅಗಲ ಕಮ್ಮಿಯ ಟ್ರ್ಯಾಕ್ಟರುಗಳು ಸೇಬಿನ ಪೆಟ್ಟಿಗೆ ಎಳೆಯುತ್ತಿದ್ದವು.

ಫ್ರೀಡ್ರಿಕ್ಸ್‌ಹಾಫನ್ ಜೆಪ್ಪೆಲಿನ್ ವಾಯುನೌಕೆಯ ಊರು. ಜನ ಅದರ ಮ್ಯೂಸಿಯಂ ನೋಡಲು ಬರುತ್ತಾರೆ. ನಾವು ಸರೋವರದ ಎದುರು ಕೂತು ಬ್ರೆಡ್ಡು ತಿಂದು, ಆಚೆ ದಡದ ಸ್ವಿಟ್ಜರ್‌ಲೆಂಡ್ ನೋಡಿ, ಪಶ್ಚಿಮಕ್ಕೆ ಹೋಗುವ ಡೀಸೆಲ್ ರೈಲು ಹಿಡಿದೆವು. ಊರು ಬಿಡುತ್ತಿದ್ದಂತೆ ಮಾಂಜೆಲ್ ನಿಲ್ದಾಣ ಬರುತ್ತದೆ. ಡಾರ್ನಿಯರ್ ಕಂಪನಿ ವಿಮಾನ ಮಾಡುತ್ತಿದ್ದ ಜಾಗ ಅದು. ಯುದ್ಧದಲ್ಲಿ ಈ ಊರಿಗೆ ಬಾಂಬು ಬಿದ್ದು ಹಾಳಾಯಿತು. ಸೋತ ಜರ್ಮನಿ ವಿಮಾನ ಮಾಡಬಾರದು ಅಂತ ನಿಷೇಧವೂ ಬಂತು. 1956ರಲ್ಲಿ ಮಾನೆಸ್ಮಾನ್ ಕಂಪನಿ ಪೋರ್ಶೆ ಟ್ರ್ಯಾಕ್ಟರಿನ ವ್ಯವಹಾರ ಕೊಂಡು, 'ಪೋರ್ಶೆ-ಡೀಸೆಲ್' ಹೆಸರಿನಲ್ಲಿ ಮಾಂಜೆಲ್‌ನಲ್ಲಿ ಟ್ರ್ಯಾಕ್ಟರು ಮಾಡತೊಡಗಿತು. ಬಣ್ಣ ಕೆಂಪಾಯಿತು. ಒಂದು ಸಿಲಿಂಡರಿನದ್ದು ಜೂನಿಯರ್, ಎರಡರದ್ದು ಸ್ಟ್ಯಾಂಡರ್ಡ್, ಮೂರರದ್ದು ಸೂಪರ್, ನಾಲ್ಕರದ್ದು ಮಾಸ್ಟರ್. ಇವತ್ತು ಮಾಂಜೆಲ್‌ನಲ್ಲಿ ಹಡಗಿನ ದೊಡ್ಡ ಡೀಸೆಲ್ ಇಂಜಿನ್‌ಗಳ ಕಾರ್ಖಾನೆ ಇದೆ.

ಊಲ್ಡಿಂಗನ್-ಮ್ಯೂಲ್‌ಹೋಫನ್ ನಿಲ್ದಾಣದಲ್ಲಿ ಇಳಿದು ಹೊಲದ ದಾರಿಯಲ್ಲಿ ನಡೆದೆವು. ಅಲ್ಲಿಯ ಕಾರು ಮತ್ತು ಟ್ರ್ಯಾಕ್ಟರ್ ಮ್ಯೂಸಿಯಂ ಹಳ್ಳಿಯ ಬದುಕನ್ನೇ ತಂದಿಟ್ಟಿದೆ. ಕಮ್ಮಾರನ ಕುಲುಮೆ, ಅಡುಗೆಮನೆ, ಅಂಗಡಿ, ಇವುಗಳ ನಡುವೆ ಟ್ರ್ಯಾಕ್ಟರುಗಳ ಸಾಲು.

ಲಾಂಜ್ ಬುಲ್‌ಡಾಗ್ ಅನ್ನುವ ಹಳೇ ಟ್ರ್ಯಾಕ್ಟರಿನ ಮುಂದೆ ಸ್ವಲ್ಪ ಹೊತ್ತು ನಿಂತೆ. 1921ರಲ್ಲಿ ಮನ್‌ಹೈಮ್‌ನಲ್ಲಿ ಹುಟ್ಟಿದ ಜಾತಿ ಅದು. ಇಂಜಿನ್ನಿನ ತಲೆಯನ್ನು ಬ್ಲೋ ಲ್ಯಾಂಪಿನ ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಬೇಕು. ಆಮೇಲೆ ಸ್ಟಿಯರಿಂಗನ್ನು ಅದರ ರಾಡ್ ಸಮೇತ ಕಿತ್ತು, ಪಕ್ಕದ ಫ್ಲೈವೀಲಿಗೆ ಸಿಕ್ಕಿಸಿ ತಿರುಗಿಸಬೇಕು. ಗಟ್ಟಿ ಯಂತ್ರ, ಮೆಚ್ಚಬೇಕಾದ್ದೇ. ಆದರೆ ಎರಡು ಎಕರೆಯವನ ಹೊಲದಲ್ಲಿ ಅದನ್ನು ತಿರುಗಿಸುವುದರೊಳಗೆ ಬದು ಬಂದುಬಿಡುತ್ತದೆ.

ಪೋರ್ಶೆ ಜೂನಿಯರ್ ಪಕ್ಕಕ್ಕೆ ಹೋದಾಗ ಮೊದಲು ಕಂಡದ್ದು ಅದರ ಎತ್ತರ. ನನ್ನ ಎದೆ ಮಟ್ಟಕ್ಕೆ ಸ್ಟಿಯರಿಂಗ್. ಮೂತಿ ದುಂಡಗೆ. ಮಡ್‌ಗಾರ್ಡಿನ ಮೇಲೆ ಇನ್ನೊಬ್ಬರು ಕೂರುವಷ್ಟು ಸೀಟು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಬಗ್ಗಿ ನೋಡಿದರೆ ಒಂದೇ ಸಿಲಿಂಡರ್, 822 ಸಿಸಿ, 14 ಎಚ್‌ಪಿ. ಸಿಲಿಂಡರಿನ ಸುತ್ತ ನಮ್ಮ ಬೈಕುಗಳ ಇಂಜಿನ್ನಿಗೆ ಇರುವ ಹಾಗೆ ಲೋಹದ ಪದರಗಳು, ಅವುಗಳ ಮೇಲೆ ಗಾಳಿ ಬೀಸಲು ಫ್ಯಾನು. ರೇಡಿಯೇಟರೇ ಇಲ್ಲ. ಆ ಚಳಿಯ ದೇಶದಲ್ಲಿ ಇದು ದೊಡ್ಡ ಉಪಕಾರ. ರಾತ್ರಿ ನೀರು ಹೆಪ್ಪುಗಟ್ಟಿ ಇಂಜಿನ್ ಬಿರಿಯುವ ಭಯವಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಒಳಗಿನ ಎರಡು ಲೆಕ್ಕಾಚಾರ. ಜೂನಿಯರಿನಿಂದ ಮಾಸ್ಟರ್ ತನಕ ಸಿಲಿಂಡರುಗಳನ್ನು ಒಂದೇ ಮಾದರಿಯಲ್ಲಿ ಬಿಡಿಬಿಡಿಯಾಗಿ ಮಾಡಿ ಜೋಡಿಸುತ್ತಿದ್ದರು. ಬಿಡಿಭಾಗ ಇಡುವ ಅಂಗಡಿಗೆ ಸುಲಭ, ಹಳ್ಳಿಯ ಮೆಕ್ಯಾನಿಕ್ಕಿಗೂ ಸುಲಭ. ಇನ್ನೊಂದು, ಇಂಜಿನ್ನಿಗೂ ಕ್ಲಚ್ಚಿಗೂ ನಡುವೆ ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಕಪ್ಲಿಂಗ್. ಅಲ್ಲಿವರೆಗೆ ಕುದುರೆ ಹೊಡೆದವರಿಗೆ ಕ್ಲಚ್ ಹೊಸದು. ಸರಕ್ಕನೆ ಬಿಟ್ಟರೂ ಗಾಡಿ ಜಗ್ಗುವುದಿಲ್ಲ, ಇಂಜಿನ್ ಆಫ್ ಆಗುವುದಿಲ್ಲ, ಮೆತ್ತಗೆ ಹೊರಡುತ್ತದೆ. ಸಣ್ಣ ರೈತನಿಗೆ ಅಂದರೆ ಕಳಪೆ ಮಾಲು ಸಾಕು ಅಂತ ಇವರು ಅಂದುಕೊಳ್ಳಲಿಲ್ಲ. ಕಾರಿಗೆ ಓಡಿಸಿದಷ್ಟೇ ತಲೆಯನ್ನು ಇದಕ್ಕೂ ಓಡಿಸಿದ್ದಾರೆ. ನಮ್ಮಲ್ಲಿ ಸಣ್ಣ ಹಿಡುವಳಿಗೆ ಯಂತ್ರ ಮಾಡುವವರೆಲ್ಲ ಇದರ ಮುಂದೆ ಒಂದು ಗಳಿಗೆ ನಿಲ್ಲಬೇಕು ಅಂತ ನನ್ನ ಆಸೆ.

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಜೊತೆ ಬಂದ ತಮ್ಮನ ಹತ್ತಿರ ಮಾತಿಗಿಳಿದರು. ಅವರ ಮನೆಯಲ್ಲೂ ಜೂನಿಯರ್ ಇತ್ತಂತೆ. ಹುಲ್ಲು ಕೊಯ್ಯುವ ಬ್ಲೇಡನ್ನು ಪಕ್ಕಕ್ಕೆ ಕಟ್ಟಿಕೊಂಡು ಹೋಗುತ್ತಿದ್ದರಂತೆ.

"ಅಣ್ಣಾ, ಭಾನುವಾರ ಮನೆಮಂದಿಯೆಲ್ಲ ಇದರಲ್ಲೇ ಚರ್ಚಿಗೆ ಹೋಗ್ತಿದ್ರಂತೆ. ಅಜ್ಜಿ ಆ ಮಡ್‌ಗಾರ್ಡ್ ಸೀಟಲ್ಲಿ ಕೂರ್ತಿದ್ರಂತೆ," ಅಂದ ತಮ್ಮ.

ಕಾಫಿ ಸೀಮೆಯವನಾದ ನನಗೆ ಈ ವಂಶದಲ್ಲಿ ಇನ್ನೊಂದರ ಮೇಲೆ ಕಣ್ಣು. 1950ರ ದಶಕದ ಮೊದಲಲ್ಲಿ ಬ್ರೆಜಿಲಿನ ಕಾಫಿ ತೋಟಗಳಿಗೆಂದೇ ಪಿ312 ಅನ್ನುವ ಟ್ರ್ಯಾಕ್ಟರು ಮಾಡಿದರು. ಡೀಸೆಲ್ ಹೊಗೆಯಿಂದ ಕಾಫಿಯ ರುಚಿ ಕೆಡಬಾರದು ಅಂತ ಅದಕ್ಕೆ ಪೆಟ್ರೋಲ್ ಇಂಜಿನ್. ರೆಂಬೆಗೆ ತಾಗಿ ಗಿಡ ಮುರಿಯಬಾರದು ಅಂತ ಚಕ್ರ ಸಮೇತ ಮೈಯನ್ನೆಲ್ಲ ನುಣ್ಣನೆ ತಗಡಿನಿಂದ ಮುಚ್ಚಿದ್ದರು. ಮಾಡಿದ್ದು ಸುಮಾರು 300 ಮಾತ್ರ. ಕಾಫಿ ಬೀಜ ಎಷ್ಟು ಬೇಗ ವಾಸನೆ ಹೀರುತ್ತದೆ ಅಂತ ನಮಗೆ ಗೊತ್ತು. ಕಣದ ಹತ್ತಿರ ಡೀಸೆಲ್ ಕ್ಯಾನ್ ಇಟ್ಟರೆ ನಮ್ಮಪ್ಪ ಸುಮ್ನೆ ಬಿಡುತ್ತಿರಲಿಲ್ಲ.

1963ರಲ್ಲಿ ಮಾಂಜೆಲ್‌ನಲ್ಲಿ ಟ್ರ್ಯಾಕ್ಟರು ಕೆಲಸ ನಿಂತಿತು. ಅಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೋರ್ಶೆ ಟ್ರ್ಯಾಕ್ಟರುಗಳು ಆಗಿದ್ದವು. ಸಣ್ಣ ರೈತರು ಹೊಲ ಬಿಟ್ಟು ಕಾರ್ಖಾನೆ ಕೆಲಸ ಹಿಡಿಯುತ್ತಿದ್ದ ಕಾಲ. ಉಳಿದವರಿಗೆ ದೊಡ್ಡ ಟ್ರ್ಯಾಕ್ಟರು ಬೇಕಿತ್ತು.

"ಅಣ್ಣಾ, ನಮ್ಮೂರ ಐಷರ್ರೂ ಜರ್ಮನಿಯದ್ದೇನಾ?" ಅಂತ ತಮ್ಮ ವಾಪಸು ನಡೆಯುವಾಗ ಕೇಳಿದ. ಹೌದು. ಮ್ಯೂನಿಕ್ ಹತ್ತಿರದ ಫೋರ್‌ಸ್ಟರ್ನ್ ಅನ್ನುವ ಹಳ್ಳಿಯ ಯೋಸೆಫ್ ಮತ್ತು ಆಲ್ಬರ್ಟ್ ಐಷರ್ ಅನ್ನುವ ಅಣ್ಣತಮ್ಮಂದಿರು ಅದನ್ನು ಶುರು ಮಾಡಿದವರು. 1948ರಿಂದ ಅವರೂ ಗಾಳಿಯಿಂದ ತಣಿಯುವ ಡೀಸೆಲ್ ಇಂಜಿನ್ ಹಾಕಿದರು. ಅವರ ಜೊತೆ ಒಪ್ಪಂದ ಮಾಡಿಕೊಂಡು 1959ರಲ್ಲಿ ಫರೀದಾಬಾದಿನಲ್ಲಿ ಭಾರತದ ಮೊದಲ ಐಷರ್ ಟ್ರ್ಯಾಕ್ಟರು ತಯಾರಾಯಿತು. ನಮ್ಮ ಕಡೆ ಅಡಿಕೆ, ಭತ್ತ ಹೇರಿಕೊಂಡು ಓಡಾಡುವ ಐಷರ್‌ಗಳ ಮೂಲ ಅಲ್ಲಿದೆ.

ಈ ಕಡೆ ಬರುವವರಿಗೆ ಒಂದು ಮಾತು. ಹತ್ತಿರದಲ್ಲೇ ಸರೋವರದ ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ, ಸಾವಿರಾರು ವರ್ಷ ಹಿಂದಿನ ರೈತರ ಮನೆಗಳ ಮಾದರಿ ಇರುವ ಮ್ಯೂಸಿಯಂ ಇದೆ. ಎಲ್ಲರೂ ಮೊದಲು ಅಲ್ಲಿಗೆ ಹೋಗುತ್ತಾರೆ. ನೀವು ಬೆಳಿಗ್ಗೆಯೇ ಟ್ರ್ಯಾಕ್ಟರುಗಳ ಹತ್ತಿರ ಹೋಗಿ, ಅರ್ಧ ದಿನ ಬೇಕೇ ಬೇಕು. ಕಂಬದ ಮನೆಗಳನ್ನು ಊಟ ಆದ ಮೇಲೆ ನೋಡಿದರಾಯಿತು.