ಟೊಂಕ ನೋಡು ಅಂದಿದ್ದ ಮುತ್ಯಾ

ಕಲಬುರಗಿ, 20 ಜುಲೈ 2025, ರವಿವಾರ

ಮುಂಜಾನಿಂದ ಜಿಟಿಜಿಟಿ ಮಳಿ ಹಿಡ್ಕೊಂಡದ. ಇವತ್ತಿಗಿ 22 ದಿನ ಆತು ನಾ ನೆಲದ ಮ್ಯಾಗ ಕೌದಿ ಹಾಸ್ಕೊಂಡು ಅಂಗಾತ ಬಿದ್ದು. ಅವತ್ತು ಬ್ಯಾಳಿ ಮಿಲ್ಲಿನಾಗ ಇಬ್ರು ಹಮಾಲರು ಬಂದಿರ್ಲಿಲ್ಲ, ಲಾರಿ ನಿಂತಿತ್ತು, 50 ಕಿಲೋದ ಚೀಲ ನಾನೇ ಎತ್ತಿ ಕೊಡ್ಲಕ್ ಹೋದೆ, ಟೊಂಕದಾಗ ಒಣ ತೊಗರಿ ಕಟಗಿ ಮುರದಂಗ ಒಂದು ಸಣ್ಣ ಸಪ್ಪಳ ಆತು, ಅಷ್ಟೇ. ಅಲ್ಲಿಂದ ಎಡಗಾಲಿನ ಹಿಂಬಡ ತನ ಒಂದೇ ಸವನ ಜಗ್ತದ. ಡಿಸ್ಕ್ ಸರ್ದದ ಅಂದ್ರು ದವಾಖಾನ್ಯಾಗ, ಕರಾಟೆ ಗಿರಾಟೆ ಇನ್ನ ಮರ್ತುಬಿಡ್ರಿ ಅಂತ ಡಾಕ್ಟರ್ ಸಾಹೇಬ್ರು ಮಾರಿ ಸಹ ನೋಡಲ್ದೆ ಚೀಟಿ ಬರ್ಕೋತ ಹೇಳಿದ್ರು. 19 ವರ್ಷ ಸಂಜಿ ಕ್ಲಾಸ್ ತಗೊಂಡಾವ ನಾನು, ಆ ಒಂದು ಮಾತಿಗಿ ರಿಕ್ಷಾದಾಗ ಮನಿ ಮುಟ್ಟೋ ತನ ಬಾಯಿಂದ ಮಾತು ಹೊರಡಲಿಲ್ಲ.

ಇವತ್ತು ಫೋನ್ ತೆಗದ್ರ ಕ್ಲಾಸಿನ ಪೋರಗೋಳ ಸ್ಟೇಟಸ್ ತುಂಬ ಬ್ರೂಸ್ ಲೀ. ಅವ ಹೋಗಿ ಇವತ್ತಿಗಿ 52 ವರ್ಷ ಆತಲ್ಲ ಅದಕ್ಕ. ಒಬ್ಬ ಹುಡುಗ ಮೆಸೇಜ್ ಹಾಕ್ಯಾನ, ಸರ್ ಅವ್ರಿಗಿ ವಿಷ ಹಾಕಿ ಕೊಂದ್ರಂತ, ಖರೇ ಏನ್ರಿ ಅಂತ. ಅವನಿಗಿ ಉತ್ತರ ಟೈಪ್ ಮಾಡ್ಲಕ್ ಶುರು ಮಾಡ್ದೆ, ಉದ್ದ ಆಗ್ಕೋತ ಹೋತು, ಇಲ್ಲೇ ಹಾಕ್ಲಕತ್ತೀನಿ.

ವಿಷ ಅಲ್ಲ ತಮ್ಮಾ. 1973ರ ಮೇ 10ಕ್ಕ ಹಾಂಗ್ ಕಾಂಗ್ ಸ್ಟುಡಿಯೋದಾಗ ಡಬ್ಬಿಂಗ್ ಮಾಡೋವಾಗ ಕುಸಿದು ಬಿದ್ದಿದ್ದ, ಮಿದುಳಿಗಿ ಬಾವು ಬಂದಿತ್ತು, ಆಗ ಹ್ಯಾಂಗೋ ಉಳದ. ಜುಲೈ 20ಕ್ಕ ಮತ್ತ ಅದೇ ಬಾವು. ತಲಿನೋವು ಅಂತ ಒಂದು ಗುಳಿಗಿ ತಗೊಂಡು ಮಲ್ಕೊಂಡ, ಏಳಲಿಲ್ಲ. ತನಿಖಿ ನಡದು ಅದು ಆಕಸ್ಮಿಕ ಸಾವು ಅಂತ ತೀರ್ಮಾನ ಆತು. 32 ವರ್ಷದವ, ಮೈಯಾಗ ಒಂದು ತೊಲಿ ಕೊಬ್ಬು ಇಲ್ಲದಾವ ಹಿಂಗ ಹೋದ ಅಂದ್ರ ಯಾರು ನಂಬ್ತಾರ, ಅದಕ್ಕೇ ಜನ ವಿಷ ಅಂದ್ರು, ಶಾಪ ಅಂದ್ರು, 1993ರಾಗ ಮಗ ಬ್ರಾಂಡನ್ ಶೂಟಿಂಗ್ ನಡದಾಗ ಬಂದೂಕಿನ ಏಟು ಬಿದ್ದು ಸತ್ತ ಮ್ಯಾಗಂತೂ ಶಾಪದ ಮಾತು ಗಟ್ಟಿ ಆತು. ಬ್ರಾಂಡನ್‌ಗ ಇನ್ನಾ 28. ಆ ತಾಯಿ ಲಿಂಡಾ ಗಂಡನ್ನ ಸಿಯಾಟಲ್‌ನಾಗ ಮಣ್ಣು ಮಾಡಿ 20 ವರ್ಷಕ್ಕ ಅವನ ಮಗ್ಗಲ್ದಾಗೇ ಮಗನ್ನೂ ಮಣ್ಣು ಮಾಡಿದ್ಲು. ಅಂಥ ಮನಿತನದ ದುಃಖದಾಗ ಶಾಪ ಹುಡ್ಕೋದು ನನಗ ಸರಿ ಕಾಣಲ್ಲ.

ನಾ ಅವನ್ನ ಮೊದಲ ಸಲ ನೋಡಿದ್ದು 1990ರ ಗಣಪತಿ ಹಬ್ಬದಾಗ, ಬ್ರಹ್ಮಪುರದ ನಮ್ಮ ಓಣ್ಯಾಗ. ಆಗ ಊರಿಗಿ ಗುಲ್ಬರ್ಗಾ ಅಂತಿದ್ರು. ಮಂಡಳಿ ಹುಡುಗರು ಪಟ್ಟಿ ಎತ್ತಿ ಕಲರ್ ಟಿವಿ, ವಿಸಿಪಿ ಬಾಡಿಗಿ ತಂದು ಪೆಂಡಾಲ್ ಮುಂದ ಹಚ್ತಿದ್ರು, ರಾತ್ರಿಗಿ ಮೂರು ಸಿನಿಮಾ, ಮೊದಲ ಕನ್ನಡ, ಆಮ್ಯಾಲ ಹಿಂದಿ, ಅವೆರಡೂ ಮುಗಿಯೋತ್ತಿಗಿ ಹೆಣ್ಮಕ್ಕಳು ಸಣ್ಣ ಕೂಸುಗೋಳ್ನ ಹೆಗಲ ಮ್ಯಾಗ ಹಾಕ್ಕೊಂಡು ಮನಿಗಿ ಹೋಗಿರ್ತಿದ್ರು, ಆಗ ಹಚ್ಚೋದು ಬ್ರೂಸ್ ಲೀ. ಇಂಗ್ಲಿಷ್ ಯಾರಿಗೂ ತಿಳಿತಿರ್ಲಿಲ್ಲ, ತಿಳಿಯೋದು ಬೇಕೂ ಇರ್ಲಿಲ್ಲ. ಕನ್ನಡಿ ಖೋಲ್ಯಾಗ ನಿಂತಾನ, ಎದಿ ಮ್ಯಾಗ ಗೀರು ಬಿದ್ದಾವ, ಯಾವ ಕಡಿ ನೋಡಿದ್ರೂ ವೈರಿನೇ ಕಾಣ್ತಾನ, ಖರೇ ವೈರಿ ಯಾರು ನೆರಳು ಯಾವುದು ತಿಳಿವಲ್ದು, ಇವ ಒಂದೊಂದೇ ಕನ್ನಡಿ ಒಡಿಲಕ್ ಹತ್ತಿದ. ಅಷ್ಟು ದೊಡ್ಡ ಓಣಿ ಉಸಿರು ಹಿಡ್ಕೊಂಡು ಕುಂತಿತ್ತು.

ಮರುದಿನ ಜಾಲಿ ಕಟಗಿ ಎರಡು ತುಂಡು ಕಡ್ಕೊಂಡು ಬಂದು, ನಡುವ ಕರ ಕಟ್ಟೋ ಸರಪಳಿ ಮೊಳಿ ಹೊಡ್ದು, ನಮ್ಮ ನಂಚಾಕು ತಯಾರ್. ಜಾಲಿ ಕಟಗಿ ಭಾಳ ಭಾರ, ತಿರುವಿದ್ರ ಹೆಂಗ ಹೋತದ ಅಷ್ಟೇ ಜೋರಿಲೆ ತಿರುಗಿ ಬರ್ತದ. ಎಡಗಡಿ ಹುಬ್ಬಿನ ಮ್ಯಾಗ ಆ ಗಾಯದ ಕಲಿ ಇನ್ನಾ ಅದ. ದೊಡ್ಡಾವ ಆದ ಮ್ಯಾಗ ಹಾಂಗ್ ಕಾಂಗಿಗಿ ಹೋಗಿ ಅವನ ಹತ್ರಾನೇ ಕಲಿತೀನಿ ಅಂತ ನಮ್ಮಣ್ಣಗ ಹೇಳಿದೆ. ಅವ ಸತ್ತು 17 ವರ್ಷ ಆತಲ್ಲೋ ಅಂದ ಅಣ್ಣ. ನಾ ನಂಬಲಿಲ್ಲ, ನಿನ್ನೆ ರಾತ್ರಿ ಕಣ್ಣಾರೆ ನೋಡೀನಲ್ಲ. ನಾ ನೋಡಿದ್ದ ಆ ಕನ್ನಡಿ ಖೋಲಿ ಸಿನಿಮಾ, ‘ಎಂಟರ್ ದಿ ಡ್ರ್ಯಾಗನ್’, ಅಮೆರಿಕಾದಾಗ ಬಿಡುಗಡೆ ಆಗೋದು ಇನ್ನಾ ತಿಂಗಳು ಇರೋವಾಗೇ ಅವ ಹೋಗಿಬಿಟ್ಟಿದ್ದ ಅಂತ ಮುಂದ ತಿಳೀತು. ಅವತ್ತು ರಾತ್ರಿ ನಾ ಉಣ್ಣಲಿಲ್ಲ, ಅವ್ವ ಹಣಿ ಮುಟ್ಟಿ ನೋಡಿ ಜ್ವರ ಏನೂ ಇಲ್ಲಲ್ಲ ಅಂದ್ಲು.

ನಮ್ಮ ಮುತ್ಯಾ ಆಳಂದ ಕಡಿ ಹಳ್ಳಿ ಪೈಲ್ವಾನ. ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದ ಕುಸ್ತಿ ತನ ಹೋದಾವ. ಅವನ ತಾಲೀಮಿನ ಉಸ್ತಾದರು ಮುಸ್ಲಿಮರು, ಹಣಮಪ್ಪನ ಫೋಟೋಕ್ಕ ಊದಿನಕಡ್ಡಿ ಹಚ್ಚಲಾರದೆ ಮಣ್ಣಿಗಿ ಇಳಿಲಕ್ ಬಿಡ್ತಿರ್ಲಿಲ್ಲಂತ. ಹಬ್ಬದ ಎರಡನೇ ರಾತ್ರಿ ನಾ ಹಟ ಮಾಡಿ ಮುತ್ಯಾನ್ನ ಕರ್ಕೊಂಡು ಹೋಗಿ ಟಿವಿ ಮುಂದ ಕುಂದ್ರಿಸ್ದೆ. ಮುತ್ಯಾ ರುಮಾಲ ತೊಡಿ ಮ್ಯಾಗ ಇಟ್ಕೊಂಡು, ಕಣ್ಣು ಸಣ್ಣ ಮಾಡಿ, ಎರಡು ತಾಸು ಒಂದು ಮಾತಾಡಲಿಲ್ಲ. ನಾವೆಲ್ಲ ಕೈ ನೋಡ್ಲಕತ್ತಿದ್ವಿ, ಕಾಲು ನೋಡ್ಲಕತ್ತಿದ್ವಿ. ಎದ್ದು ಹೊರಡೋವಾಗ ನನ್ನ ಹೆಗಲು ಹಿಡ್ಕೊಂಡು ಅಂದ, "ಕೈ ಏನ್ ನೋಡ್ತಿ, ಆ ಹುಡುಗನ ಟೊಂಕ ನೋಡು. ಏಟು ಕೈಯಾಗ ಹುಟ್ಟಂಗಿಲ್ಲ, ಹಿಂಬಡದಾಗ ಹುಟ್ಟಿ ಟೊಂಕದಾಗ ತಿರುಗಿ ಬರ್ತದ. ಇವ ತಾಲೀಮ್ ಮಾಡ್ಯಾನ."

ಆಗ ನನಗ ಏನೂ ತಿಳಿಲಿಲ್ಲ. ಎಷ್ಟೋ ವರ್ಷದ ಮ್ಯಾಗ ಓದಿದೆ, ಬ್ರೂಸ್ ಲೀ ನಮ್ಮ ಗಾಮಾ ಪೈಲ್ವಾನನ ಬಗ್ಗೆ ಲೇಖನ ಹುಡುಕಿ ಓದಿ ಅವನ ದಂಡ ಬೈಠಕ್ ತನ್ನ ಕಸರತ್ತಿನಾಗ ಸೇರಿಸ್ಕೊಂಡಿದ್ದ ಅಂತ. ಲೈಬ್ರರ್ಯಾಗ ಕುಂತಲ್ಲೇ ಮೈಮ್ಯಾಗ ಮುಳ್ಳು ಎದ್ವು. ಮುತ್ಯಾ ಯಾವ ಪುಸ್ತಕ ಓದ್ಯಾನ, ಹೆಬ್ಬಟ್ಟು ಒತ್ತೋ ಮನುಷ್ಯಾ, ಟಿವಿದಾಗ ಒಂದು ರಾತ್ರಿ ನೋಡಿ ಹಿಡ್ದುಬಿಟ್ಟಿದ್ದ. ಹೇಳೋಣಂದ್ರ ಆಗ ಮುತ್ಯಾ ಇರ್ಲಿಲ್ಲ.

ಒಂದು ಇಂಚಿನ ಏಟು ಅಂತಾರಲ್ಲ, ಬ್ರೂಸ್ ಲೀ 1964ರಾಗ ಅಮೆರಿಕಾದ ಲಾಂಗ್ ಬೀಚ್‌ದಾಗ ಕರಾಟೆ ಸ್ಪರ್ಧೆ ನಡದಾಗ ಎಲ್ಲರ ಮುಂದ ಮಾಡಿ ತೋರಿಸಿದ್ದು, ಅದರಾಗ ಮಂತ್ರ ಏನಿಲ್ಲ, ಮುತ್ಯಾ ಹೇಳಿದ್ದೇ. ಮುಷ್ಟಿ ಎದುರಿನವನ ಎದಿಯಿಂದ ಇಂಚು ದೂರ ಅದ, ಕೈ ಹಿಂದಕ್ಕ ಎಳಿಯೋಹಂಗಿಲ್ಲ, ಅಂದ್ರ ಜೋರು ಬೇರೆ ಕಡಿಂದ ಬರಬೇಕು. ಹಿಂಬಡ ನೆಲ ಒತ್ತತದ, ಮಣಕಾಲು ನೆಟ್ಟಗಾಗತದ, ಟೊಂಕ ತಿರುಗತದ, ಅದೇ ಗಳಿಗ್ಯಾಗ ಹೆಗಲು, ಮಣಕೈ, ಕಡೀಕ ಮಣಿಕಟ್ಟು. ಇಷ್ಟೂ ಕಣ್ಣು ಮುಚ್ಚಿ ತೆಗಿಯೋದ್ರಾಗ ಒಂದೇ ದಾರಕ್ಕ ಪೋಣಿಸಿದಂಗ ಆಗಬೇಕು. ಒಂದು ಮಣಿ ತಪ್ಪಿದ್ರ ಅದು ಬರೇ ನೂಕಿದಂಗ ಆಗ್ತದ, ಏಟು ಆಗಲ್ಲ. ನಾ ಇದನ್ನ 19 ವರ್ಷದಿಂದ ಕಲಿಸ್ಲಕತ್ತೀನಿ, ನನಗ ಪೂರಾ ಕೂಡಿದ್ದು ನಾಕೈದು ಸಲ ಇರಬೇಕು.

ಈಗ ಬಿದ್ದಲ್ಲಿ ಬಿದ್ದು 1970 ಒಂದೇ ತಲ್ಯಾಗ ತಿರುಗ್ಲಕತ್ತದ. ಆ ವರ್ಷ ಆಗಸ್ಟ್‌ದಾಗ ಒಂದು ಮುಂಜಾನಿ ಬ್ರೂಸ್ ಲೀ ಮೈ ಬಿಸಿ ಮಾಡ್ಕೊಳ್ಳದೆ ಹತ್ರಹತ್ರ 57 ಕಿಲೋ ಭಾರ ಹೆಗಲ ಮ್ಯಾಗ ಇಟ್ಟು ಮುಂದಕ್ಕ ಬಗ್ಗಿದ. ಟೊಂಕದ ಕೆಳಗಿನ ನರಕ್ಕ ಪೆಟ್ಟಾತು. ಡಾಕ್ಟರ್‌ಗಳು ಇನ್ನ ಮ್ಯಾಗ ಒದಿಯೋದು ಆಗಂಗಿಲ್ಲ, ಕುಂಗ್ ಫೂ ಮರ್ತುಬಿಡು ಅಂದ್ರು. ಅವಂಗೂ ಅದೇ ಮಾತು ಹೇಳಿದ್ರು ನೋಡ್ರಿ. ಆಗ ಅವನ ಪರಿಸ್ಥಿತಿನೂ ಛಲೋ ಇರ್ಲಿಲ್ಲ. 1966-67ರಾಗ ಟಿವಿ ಸೀರಿಯಲ್‌ದಾಗ ಮುಖವಾಡ ಹಾಕ್ಕೊಂಡ ಡ್ರೈವರ್ ಕೇಟೋ ಪಾತ್ರ ಸಿಕ್ಕಿತ್ತು, ಒಂದೇ ಸೀಸನ್‌ಗಿ ಅದು ನಿಂತಿತ್ತು, ಚೀನಿ ಮಾರಿಯವನ್ನ ಹೀರೋ ಮಾಡ್ಲಕ್ ಹಾಲಿವುಡ್‌ದಾಗ ಯಾರೂ ತಯಾರಿರ್ಲಿಲ್ಲ. ಮನ್ಯಾಗ ಐದು ವರ್ಷದ ಮಗ, ವರ್ಷ ಮೀರಿದ ಮಗಳು ಶಾನನ್, ಮನಿ ಸಾಲ. ಲಿಂಡಾ ಹೊರಗ ದುಡಿಲಕ್ ಹೋದ್ಲು. ಈಗ ನಮ್ಮ ಪಡಸಾಲ್ಯಾಗ ಮನಿಯಾಕಿ ಹೊಲಿಯೋ ಮಷಿನ್ ಸಪ್ಪಳ ಕೇಳ್ಕೋತ ಇದನ್ನ ಬರಿಲಕತ್ತೀನಿ, ರಾತ್ರಿ ಹತ್ತಾದ್ರೂ ಆ ಸಪ್ಪಳ ನಿಂದ್ರಲ್ಲ, ಅದಕ್ಕ ಲಿಂಡಾನ ಸುದ್ದಿ ಮೊದಲಿಗಿಂತ ಬೇರೇನೇ ಅನ್ಸಲಕತ್ತದ.

ಆರು ತಿಂಗಳು ಅವ ಓದಿದ, ಬರದ. ಜಿಡ್ಡು ಕೃಷ್ಣಮೂರ್ತಿಯವರನ್ನ ಭಾಳ ಓದಿದ. ಸತ್ಯಕ್ಕ ದಾರಿ ಇಲ್ಲ ಅಂತ ಹೇಳಿದವರು ಅವರು, ಇವ ಹೊಡೆದಾಟಕ್ಕ ಅದನ್ನೇ ಹಚ್ಚಿ ನೋಡಿದ, ಒಂದೇ ಶೈಲಿಗಿ ಜೋತು ಬೀಳಬ್ಯಾಡ್ರಿ, ಕೆಲಸಕ್ಕ ಬರೋದು ತಗೋರಿ, ಬರಲಾರದ್ದು ಬಿಡ್ರಿ ಅಂದ. ಹಾಂಗ್ ಕಾಂಗ್‌ದಾಗ ಸಣ್ಣವ ಇದ್ದಾಗ ಇಪ್ ಮ್ಯಾನ್ ಅನ್ನೋ ಗುರು ಹತ್ರ ವಿಂಗ್ ಚುನ್ ಅನ್ನೋ ಕುಂಗ್ ಫೂ ಶೈಲಿ ಕಲ್ತಾವ, ಅದ್ರ ಜೋಡಿ ಬಾಕ್ಸಿಂಗ್, ಫೆನ್ಸಿಂಗ್, ನಮ್ಮ ಬೈಠಕ್ ಎಲ್ಲ ಕೂಡಿಸಿ ಜೀತ್ ಕುನೆ ದೊ ಅಂತ ಹೆಸರಿಟ್ಟಿದ್ದ. ಹಾಸಿಗ್ಯಾಗಿನ ಆ ಟಿಪ್ಪಣಿ ಅವ ಹೋದ ಮ್ಯಾಗ 1975ರಾಗ ಪುಸ್ತಕ ಆಗಿ ಬಂತು.

ಎದ್ದು ನಿಂತ. 1971ರ ಶುರುವಿನಾಗ ನಮ್ಮ ದೇಶಕ್ಕೂ ಬಂದಿದ್ದ, ಹಾಲಿವುಡ್ ಗೆಳೆಯರು, ನಟ ಜೇಮ್ಸ್ ಕೋಬರ್ನ್, ಚಿತ್ರಕಥಿ ಬರೆಯೋ ಸ್ಟರ್ಲಿಂಗ್ ಸಿಲಿಫಂಟ್ ಜೋಡಿ ಸಿನಿಮಾಕ್ಕ ಜಾಗ ನೋಡ್ಲಕ್. ಆ ಸಿನಿಮಾ ಅವಂಗ ಕೂಡಿ ಬರ್ಲಿಲ್ಲ. ಅದೇ ವರ್ಷ ಥಾಯ್ಲೆಂಡ್‌ದಾಗ ಶೂಟಿಂಗ್ ಆದ ಸಿನಿಮಾ ಹಾಂಗ್ ಕಾಂಗ್‌ದಾಗ ಹಿಂದಿನ ಗಳಿಕಿ ದಾಖಲಿ ಎಲ್ಲ ಮುರಿತು. ಅಲ್ಲಿಂದ ಸಾಯೋ ತನ ಎರಡು ವರ್ಷ. ಪೋರಗೋಳೇ, ನೀವು ಸ್ಟೇಟಸ್‌ದಾಗ ಹಾಕೀರಲ್ಲ, ಹಾರಿ ಒದಿಯೋದು, ನಂಚಾಕು ತಿರುವೋದು, ಹಳದಿ ಡ್ರೆಸ್, ಎಲ್ಲಾ, ಎಲ್ಲಾ ಆ ಪೆಟ್ಟು ಬಿದ್ದ ಮ್ಯಾಗಿಂದು. ಟೊಂಕ ನೋವು ಅವಂಗ ಕಡೀತನ ಬಿಡ್ಲಿಲ್ಲ. ಮುತ್ಯಾ ಬೊಟ್ಟು ಮಾಡಿ ತೋರಿಸಿದ್ದು ಅದೇ ಟೊಂಕ. ಪೆಟ್ಟಾಗಿದ್ದ ಟೊಂಕ. ಇದು ನನಗ ಈ 22 ದಿನದಾಗೇ ಹೊಳದದ್ದು, ಇಲ್ಲಂದ್ರ 35 ವರ್ಷ ಆ ಮಾತು ನೆನಸ್ಕೊಂಡೀನಿ, ಎರಡೂ ಒಂದಕ್ಕೊಂದು ಕೂಡಿಸಿ ನೋಡಿರ್ಲಿಲ್ಲ.

ಇನ್ನೊಂದು ಹೇಳಬೇಕು. 18 ವರ್ಷದವ ಇದ್ದಾಗ 1959ರಾಗ ಕಿಸೆದಾಗ 100 ಡಾಲರ್ ಇಟ್ಕೊಂಡು ಅಮೆರಿಕಾಕ್ಕ ಹೋದಾವ, ಸಿಯಾಟಲ್‌ದಾಗ ಒಂದು ಹೋಟೆಲ್‌ನ್ಯಾಗ ವೇಟರ್ ಕೆಲಸ ಮಾಡ್ಕೋತ ಕಲಿಸ್ಲಕ್ ಶುರು ಮಾಡಿದ, ಅಲ್ಲಿ ಮೊದಲನೇ ಶಿಷ್ಯ ಜೆಸ್ಸಿ ಗ್ಲೋವರ್, ಕಪ್ಪು ಜನಾಂಗದವ. ಚೀನಿಯವರ ವಿದ್ಯಾ ಹೊರಗಿನವರಿಗಿ ಕೊಡಬಾರದು ಅನ್ನೋ ಮಂದಿ ಇದ್ದ ಕಾಲ ಅದು. ಬಂದವರಿಗಿ ಕಲಿಸಿದ, ಬಣ್ಣ ಕೇಳಲಿಲ್ಲ. ಬಾಸ್ನಿಯಾದಾಗ ಮೋಸ್ಟಾರ್ ಅಂತ ಊರು ಅದ, 90ರ ದಶಕದಾಗ ಯುದ್ಧಕ್ಕ ಎರಡು ಹೋಳಾಗಿ ಜನ ಒಬ್ಬರ ಮಾರಿ ಒಬ್ಬರು ನೋಡದಂಗ ಆಗಿದ್ರು. ಅಲ್ಲಿ 2005ರ ನವೆಂಬರ್‌ದಾಗ ಮೂರ್ತಿ ನಿಂದ್ರಿಸಬೇಕಾದ್ರ ಇಬ್ರಿಗೂ ಬೇಕಾದಾವ ಯಾರು ಅಂತ ಹುಡುಕಿ ಬ್ರೂಸ್ ಲೀನ್ನ ನಿಂದ್ರಿಸಿದ್ರು, ಹಾಂಗ್ ಕಾಂಗ್‌ದಾಗ ಅವನ ಮೂರ್ತಿ ಆಗೋ ಒಂದು ದಿನ ಮೊದಲೇ. ನಮ್ಮ ಕ್ಲಾಸಿಗಿ ಬ್ರಹ್ಮಪುರದ ಹುಡುಗರು ಬರ್ತಾರ, ಮೋಮಿನಪುರದ ಹುಡುಗರು ಬರ್ತಾರ, ಹುಡುಗೇರು 11 ಮಂದಿ ಅದಾರ. ಬರಿಗಾಲಿಲೆ ಒಂದೇ ಸಾಲಿನಾಗ ನಿಂತಾಗ ಮುತ್ಯಾನ ಉಸ್ತಾದರು ನೆನಪಾಗ್ತಾರ ನನಗ, ನಾ ನೋಡೇ ಇಲ್ಲ ಅವರ್ನ.

ಸಂಜಿ ನಾಕಕ್ಕ ಮಳಿ ಸ್ವಲ್ಪ ನಿಂತಿತ್ತು, ಆರು ಮಂದಿ ಪೋರಗೋಳು ಮನಿಗೇ ಬಂದ್ರು. ಟೊಂಕಕ್ಕ ಬೆಲ್ಟ್ ಕಟ್ಕೊಂಡು, ಮಗನ ಹೆಗಲು ಹಿಡ್ಕೊಂಡು ಅಂಗಳದ ಕುರ್ಚಿ ಮ್ಯಾಗ ಕುಂತೆ. ಎರಡು ನಿಮಿಷಕ್ಕ ಎಡಗಾಲು ಜುಮ್ ಅಂತು, ತಡಕೊಂಡೆ. ವಿಷದ ಸುದ್ದಿ ಕೇಳಿದ ಹುಡುಗನೇ ಮುಂದ ನಿಂತು ಗುದ್ದಿ ತೋರಿಸಿದ, ಹೆಗಲಿನ ಜೋರಷ್ಟೇ ಇತ್ತು, ಹಿಂಬಡ ಗಾಳ್ಯಾಗ. ಹಿಂಬಡ ನೆಲಕ್ಕ ಒತ್ತು, ಟೊಂಕದಿಂದ ಬಾ ಅಂದೆ. ನಾಕು ಸಲ ಮಾಡಿದ, ಐದನೇ ಸಲಕ್ಕ ಅಂಗಿ ತೋಳು ಫಟ್ ಅಂತು.

"ಸರ್, ಇದು ಬ್ರೂಸ್ ಲೀ ಹೇಳಿದ್ದೇನ್ರಿ?"

ನಮ್ಮ ಮುತ್ಯಾ ಹೇಳಿದ್ದು ಅಂದೆ. ಅವ ಮತ್ತೊಮ್ಮೆ ಹಿಂಬಡ ಒತ್ತಿ ನಿಂತ, ಹಸಿ ಮಣ್ಣಿನಾಗ ಹೆಜ್ಜಿ ಆಳ ಮೂಡಿತ್ತು, ಅಷ್ಟೊತ್ತಿಗಿ ಮಳಿ ಮತ್ತ ಶುರು ಆತು, ಎಲ್ಲರೂ ಪಡಸಾಲಿಗಿ ಓಡಿದ್ವಿ, ನಾನೊಬ್ಬ ಮಗನ್ನ ಹಿಡ್ಕೊಂಡು ನಿಧಾನ.