ಮೊದಲ ನೀ ಹೋಗಿ ಬಾ

ಬ್ಯಾಡಗಿಯ ಒಂದು ಗೋದಾಮಿನಲ್ಲಿ ನಾವು ಹನ್ನೊಂದು ಜನ ಮೆಣಸಿನಕಾಯಿ ತೊಟ್ಟು ಬಿಡಿಸುತ್ತೇವೆ. ಕಿಲೋ ಲೆಕ್ಕದಲ್ಲಿ ಕೂಲಿ. ಆಶಾ ಅಕ್ಕ ಬಂದು, "ಗರ್ಭಚೀಲದ ಬಾಯಿ ಕ್ಯಾನ್ಸರ್ ಟೆಸ್ಟ್ ಐತಿ, 30 ದಾಟಿದವರು ಬರ್ರಿ" ಅಂದಾಗ ಯಾರೂ ತಲೆ ಎತ್ತಲಿಲ್ಲ. ಕೂಲಿ ಹೋಗುತ್ತದೆ ಎಂಬುದು ಸುಮ್ನೆ ನೆವ. ಬಿಳಿ ಹೋಗುತ್ತದೆ ಎಂದು ತೋರಿಸಲು ಹೋಗಿ ಗರ್ಭಚೀಲವನ್ನೇ ತೆಗೆಸಿಕೊಂಡು ಬಂದವರು ನಮ್ಮ ಓಣಿಯಲ್ಲೇ ಇದ್ದಾರೆ.

ಅಕ್ಕ ಎರಡನೇ ಸಲ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಸಂಘದ ಲೆಕ್ಕ ಬರೆಯುವವಳು ನಾನು, ಅದೇ ತಪ್ಪು. "ಮೊದಲ ನೀ ಹೋಗಿ ಬಾರವಾ, ಆಮ್ಯಾಲೆ ನೋಡೂಣು."

ಹೋದೆ. ಸರಕಾರಿ ದವಾಖಾನೆಯ ಪರದೆಯ ಹಿಂದೆ ಸಿಸ್ಟರ್ ಒಬ್ಬರೇ ಇದ್ದರು. ತಣ್ಣನೆಯ ಸ್ಟೀಲು ತಾಗಿದಾಗ ಕಾಲು ಬಿಗಿಯಾದವು. "ಉಸಿರು ಬಿಡವ್ವಾ" ಅಂದರು. ಹತ್ತಿಯಲ್ಲಿ ತೆಳು ವಿನೆಗರ್ ಹಚ್ಚಿ ಒಂದು ನಿಮಿಷ ಕಾದರು. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದಂತೆ. ನನಗೆ ಇರಲಿಲ್ಲ.

ಗೋದಾಮಿಗೆ ಬಂದರೆ ಕ್ಯಾನ್ಸರ್ ಬಗ್ಗೆ ಒಬ್ಬರೂ ಕೇಳಲಿಲ್ಲ!

"ಸೀರಿ ಬಿಚ್ಚಿಸಿದ್ರೇನು?"

"ಇಲ್ಲ, ಮ್ಯಾಲೆ ಸರಿಸಿದ್ರ ಸಾಕು."

"ಉರೀತೇನು?"

"ಮೆಣಸಿನಕಾಯಿ ಕೈಲೆ ಕಣ್ಣು ಮುಟ್ಟಿದಷ್ಟೂ ಇಲ್ಲ."

"ವಿನೆಗರ್ ಅಂದ್ರ ಗೋಬಿ ಮಂಚೂರಿಗೆ ಹಾಕ್ತಾರಲ್ಲ, ಅದಾ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆಯೇ ಸಿಸ್ಟರ್ ಹೇಳಿದ್ದನ್ನೂ ದಾಟಿಸಿದೆ. ಈ ರೋಗ ತರುವುದು ಎಚ್‌ಪಿವಿ ಅನ್ನೋ ವೈರಸ್. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು-ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಸಿಕ್ಕರೆ ಚೀಲ ತೆಗೆಯೋದು ಬೇಕಾಗುವುದೇ ಕಮ್ಮಿ. ತ್ರಾಸ ಶುರುವಾಗುವ ತನಕ ಕಾದರೆ ಬಹಳ ಸಲ ತಡವಾಗಿರುತ್ತದೆ.

ಮುಂದಿನ ವಾರ ಏಳು ಜನ ಹೋದರು. ಒಬ್ಬಳಿಗೆ ಬೆಳ್ಳಗೆ ಕಂಡಿತು. ಅವಳು ದವಾಖಾನೆಯ ಕಟ್ಟೆ ಮೇಲೆ ಕೂತು, "ನನ್ನ ಚೀಲ ಹೋತು" ಅಂತ ಅಳುತ್ತಿದ್ದಳು. ಗಂಡ ಬರಲಿಲ್ಲ. ನಾವಿಬ್ಬರು ಕೂಲಿ ಬಿಟ್ಟು ಅವಳನ್ನು ಹುಬ್ಬಳ್ಳಿಗೆ ರೈಲಿನಲ್ಲಿ ಕರೆದುಕೊಂಡು ಹೋದೆವು. ಅಲ್ಲಿ ದೊಡ್ಡದು ಮಾಡಿ ತೋರಿಸುವ ಯಂತ್ರದಲ್ಲಿ ನೋಡಿ, ಆ ಜಾಗಕ್ಕಷ್ಟೇ ಬಿಸಿ ತಾಗಿಸಿ ಸುಟ್ಟರು. ವರ್ಷಕ್ಕೆ ಮತ್ತೆ ತೋರಿಸಬೇಕು. ಸಂಜೆ ರೈಲಿನಲ್ಲಿ ಅವಳೇ ಬುತ್ತಿ ಬಿಚ್ಚಿ ನಮಗೆ ರೊಟ್ಟಿ ಕೊಟ್ಟಳು. ಬೆಳಿಗ್ಗೆ ಅದನ್ನು ಮುಟ್ಟಿಯೂ ಇರಲಿಲ್ಲ.

ಇನ್ನೂ ಮೂವರು ಉಳಿದಿದ್ದಾರೆ. ಅದರಲ್ಲಿ ಒಬ್ಬಳು ನನ್ನ ನೆಗೆಣ್ಣಿಯೇ. ಸೀಜನ್ ಮುಗೀಲಿ ಅಂತಿದ್ದಾಳೆ.